ಫೋಲ್ಡರಿಗೆ ಹಿಡಿಸದ ಹಾಳೆ

ಬಂದರಿನ ಮನೆಯಿಂದ
ಹದಿನಾಲ್ಕನೇ ತಾರೀಖು, ಗುರುವಾರ ಮಧ್ಯಾಹ್ನ

ಪೆನ್ನಿನ ಸಾಹೇಬರಿಗೆ,

ನಿಮ್ಮ ಕಾಗದ ಬಂತು. ನಾವು ಬೇರೆ ಬೇರೆ ಮನೆ ಮಾಡಿಕೊಂಡ ಮೇಲೆ ನೀವು ಬರೆದ ಮೊದಲನೆಯ ಕಾಗದ. ಲಕೋಟೆಯ ಮೇಲೆ ನನ್ನ ಹೆಸರಿಗೆ 'ಶ್ರೀಮತಿ' ಸೇರಿಸಬೇಕೋ 'ಡಾಕ್ಟರ್' ಸೇರಿಸಬೇಕೋ ತಿಳಿಯದೆ ಎರಡನ್ನೂ ಸೇರಿಸಿದ್ದೀರಿ. ನೋಡಿ ನಕ್ಕೆ. ಯಾರಿಗೂ ಬೇಸರವಾಗಬಾರದು ಎನ್ನುವ ನಿಮ್ಮ ಅಭ್ಯಾಸ ಇನ್ನೂ ಹೋಗಿಲ್ಲ. ಮಂಡಿನೋವು ಹೇಗಿದೆ? ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯುತ್ತೀರೆಂದು ಮಗಳು ಫೋನಿನಲ್ಲಿ ಹೇಳಿದಳು. ರಕ್ತದೊತ್ತಡದ ಮಾತ್ರೆಯನ್ನು ಬೆಳಿಗ್ಗೆಯೇ ತೆಗೆದುಕೊಳ್ಳಿ, ನೆನಪಾದಾಗ ನುಂಗುವುದಲ್ಲ.

ಇದನ್ನು ಅಡುಗೆಮನೆಯ ಮೇಜಿನ ಮೇಲೆ ಬರೆಯುತ್ತಿದ್ದೇನೆ. ಸೆಕೆಗೆ ಕಾಗದ ಕೈಗೆ ಅಂಟಿಕೊಳ್ಳುತ್ತಿದೆ. ಆದರೂ ಕಿಟಕಿಗಳನ್ನೆಲ್ಲ ಮುಚ್ಚಿದ್ದೇನೆ. ಇರುವ ಒಂದು ಫ್ಯಾನು ಒಳಕೋಣೆಯಲ್ಲಿ ತಿರುಗುತ್ತಿದೆ, ಅಲ್ಲಿ ಒಬ್ಬರು ಮಲಗಿದ್ದಾರೆ. ಯಾರೆಂದು ಹುಬ್ಬೇರಿಸಬೇಡಿ, ಆಮೇಲೆ ಹೇಳುತ್ತೇನೆ.

ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ಮೊದಲ ಸಲ ಹೆಂಡತಿಯಾಗಿ, ಎರಡನೇ ಸಲ ಈ ಜಿಲ್ಲೆಯ ಆರೋಗ್ಯಾಧಿಕಾರಿಯಾಗಿ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬರೆದಿದ್ದೀರಿ. ಕುಲುಮೆಯನ್ನು ಮುಚ್ಚಿಸಿದ ನನ್ನ ಆದೇಶ ತಪ್ಪು ಎಂದು ನೀವು ಎಲ್ಲಿಯೂ ಹೇಳಿಲ್ಲ. ಕುಲುಮೆ ಮತ್ತೆ ನಡೆಯಬಹುದು ಎನ್ನುವ 'ಮರುಪರಿಶೀಲನಾ ವರದಿ' ಒಂದಕ್ಕೆ ಸಹಿ ಹಾಕಿದರೆ ಸಾಕು, ಕಂಪನಿ ವಿದೇಶದಲ್ಲಿ ನಮ್ಮ ದೇಶದ ಮೇಲೆ ಹೂಡಿರುವ ದಾವೆಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತದೆ, ಎಲ್ಲರ ಮರ್ಯಾದೆಯೂ ಉಳಿಯುತ್ತದೆ ಎಂದಿದ್ದೀರಿ. ಮೂರು ಹಾಳೆಯಲ್ಲಿ 'ದೇಶ' ಎಂಬ ಮಾತು ಸಾಲಿಗೊಮ್ಮೆ ಬರುತ್ತದೆ. ಇಲ್ಲಿನ ಮಕ್ಕಳ ಮಾತು ಒಮ್ಮೆಯೂ ಇಲ್ಲ.

ಆದ್ದರಿಂದ ನಿಮಗೆ ಗೊತ್ತಿರುವುದನ್ನೂ ಬರೆಯುತ್ತೇನೆ. ನಿಮಗೆ ಗೊತ್ತಿರುವುದು ಫೈಲಿನಲ್ಲಿ ಬಂದದ್ದು, ನಾನು ಹೇಳುವುದು ಬೀದಿಯಲ್ಲಿ ಕಂಡದ್ದು.

ಹಡಗುಕಟ್ಟೆಯ ಹಿಂದೆ ಕುಲುಮೆ ಇದೆ. ಶ್ರೀಮಂತ ದೇಶಗಳ ಕಾರುಗಳಲ್ಲಿ ದುಡಿದು ಸತ್ತ ಬ್ಯಾಟರಿಗಳು ಹಡಗಿನಲ್ಲಿ ಇಲ್ಲಿಗೆ ಬರುತ್ತವೆ. ಅಲ್ಲಿ ಅವನ್ನು ಕರಗಿಸಲು ಕಾನೂನು ಬಿಗಿ, ಖರ್ಚು ಜಾಸ್ತಿ. ಇಲ್ಲಿ ಅವನ್ನು ಕೊಡಲಿಯಲ್ಲಿ ಒಡೆದು, ಒಳಗಿನ ಸೀಸವನ್ನು ಕರಗಿಸಿ, ಇಟ್ಟಿಗೆಯ ಹಾಗೆ ಎರಕ ಹೊಯ್ದು, ಬಂದ ದಾರಿಯಲ್ಲೇ ಹಿಂದಕ್ಕೆ ಕಳಿಸುತ್ತಾರೆ. ಸೀಸ ಹೋಗುತ್ತದೆ, ಅದರ ಧೂಳು ಉಳಿಯುತ್ತದೆ. ಕುಲುಮೆಯ ಗೋಡೆಗೆ ಒರಗಿಕೊಂಡೇ ಕಾರ್ಮಿಕರ ಕಾಲೊನಿ ಇದೆ. ಗಂಡಸರು ಕೆಲಸ ಮುಗಿಸಿ ಬಂದು ಅದೇ ಅಂಗಿಯಲ್ಲಿ ಮಕ್ಕಳನ್ನು ಎತ್ತಿಕೊಳ್ಳುತ್ತಿದ್ದರು. ಹೊಟ್ಟೆನೋವು, ಊಟ ಸೇರದು, ಮುಖ ಬಿಳಿಚಿಕೊಂಡಿದೆ, ಶಾಲೆಯಲ್ಲಿ ನಿನ್ನೆ ಕಲಿತದ್ದು ಇವತ್ತು ನೆನಪಿಲ್ಲ ಎಂದು ತಾಯಂದಿರು ಸಾಲುಗಟ್ಟಿ ಬರುತ್ತಿದ್ದರು. ನಾನೂ ಮೊದಲು ಹುಳದ ಔಷಧಿ ಕೊಟ್ಟೆ. ಆಮೇಲೆ ಒಂದು ದಿನ ಒಂದು ಹುಡುಗಿಯ ತುಟಿ ಎತ್ತಿ ನೋಡಿದರೆ ವಸಡಿನ ಅಂಚಿಗೆ ನೀಲಿ ಗೆರೆ. ಅದು ಸೀಸ ಮೈಸೇರಿದ ಗುರುತು. ರಕ್ತ ತೆಗೆದು ಪರೀಕ್ಷೆಗೆ ಕಳಿಸಿದೆ. ಕಾಲೊನಿಯ ಮಕ್ಕಳಲ್ಲಿ ಸೀಸ ಇಲ್ಲದ ರಕ್ತ ಒಬ್ಬರದೂ ಇರಲಿಲ್ಲ.

ಆ ಹುಡುಗಿಯನ್ನು ಎಲ್ಲರೂ ಗುಬ್ಬಿ ಎನ್ನುತ್ತಾರೆ. ಕುಲುಮೆಯ ಮೇಸ್ತ್ರಿಯ ಮಗಳು, ಈಗ ಆರು ವರ್ಷ. ಆಗ ಮಾತು ತೊದಲುತ್ತಿತ್ತು. ಒಂದು ಲೋಟ ನೀರನ್ನು ಚೆಲ್ಲದೆ ಹಿಡಿಯಲು ಅವಳ ಮಣಿಕಟ್ಟಿಗೆ ಆಗುತ್ತಿರಲಿಲ್ಲ.

ಆರೋಗ್ಯ ಕಾನೂನಿನಲ್ಲಿ ನನಗಿದ್ದ ಅಧಿಕಾರದಿಂದ ಕುಲುಮೆಯನ್ನು ಮುಚ್ಚಿಸಿದೆ. ಅದಕ್ಕಾಗಿ ನಾನು ವೀರವನಿತೆಯೇನೂ ಆಗಲಿಲ್ಲ. ಕೆಲಸ ಕಳೆದುಕೊಂಡ ಗಂಡಸರು ಬೀದಿಯಲ್ಲಿ ನನ್ನನ್ನು ಕಂಡರೆ ಮುಖ ತಿರುಗಿಸುತ್ತಿದ್ದರು. ಮೇಸ್ತ್ರಿ ಮಾತ್ರ ತಿರುಗಿಸಲಿಲ್ಲ. ಒಂದು ದಿನ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದು ಕೇಳಿದ: "ಡಾಕ್ಟರಮ್ಮ, ಒಲೆ ಉರಿದ್ರೆ ಹೊಟ್ಟೆಗಾಗತ್ತೆ, ಆರಿದ್ರೆ ಮಗೂಗಾಗತ್ತೆ. ನಾನು ದೇವರ ಹತ್ರ ಯಾವುದನ್ನ ಕೇಳ್ಕೊಳ್ಲಿ?" ಕಬ್ಬಿಣದ ಸತ್ವದ ಮಾತ್ರೆ ಬರೆದುಕೊಟ್ಟೆ. ಅವನು ಹಡಗುಕಟ್ಟೆಯಲ್ಲಿ ಮೂಟೆ ಹೊರಲು ಹೋದ, ಕೈಗೆ ಬರುತ್ತಿದ್ದುದು ಅರ್ಧ ಕೂಲಿ. ಕುಲುಮೆ ಆರಿದ ವರ್ಷ ಗುಬ್ಬಿಯ ರಕ್ತದಲ್ಲಿ ಸೀಸ ಇಳಿಯುತ್ತಾ ಬಂತು. ಹೋದ ತಿಂಗಳು ನನ್ನ ಮೇಜಿನ ಮುಂದೆ ನಿಂತು, ನೀರಿನ ಲೋಟವನ್ನು ಎರಡು ಕೈಯಲ್ಲಿ ಹಿಡಿದು, ಒಂದು ಹನಿಯೂ ಚೆಲ್ಲದೆ ನನಗೆ ಕೊಟ್ಟಳು. ಕುಡಿಯುವಾಗ ನನ್ನ ಕಣ್ಣು ತುಂಬಿ ಬಂತು, ಅದನ್ನು ಹೇಳಿಕೊಳ್ಳಲು ನನಗೇನೂ ನಾಚಿಕೆ ಇಲ್ಲ.

ಇಷ್ಟರಲ್ಲಿ ಕಂಪನಿಯ ನೋಟಿಸು ಬಂತು. ದೂರು ಕೊಟ್ಟದ್ದು ನಮ್ಮ ನ್ಯಾಯಾಲಯಕ್ಕೆ ಅಲ್ಲ. ಎಲ್ಲೋ ದೂರದ ಊರಿನಲ್ಲಿ ಮೂವರು ವಕೀಲರು ಕೂತು ತೀರ್ಪು ಕೊಡುವ ಪಂಚಾಯಿತಿಗೆ. ನನ್ನ ಆದೇಶದಿಂದ ಅವರ ಮುಂದಿನ ಲಾಭವೆಲ್ಲ ಹೋಯಿತಂತೆ, ಅದನ್ನು ನಮ್ಮ ಸರ್ಕಾರ ತುಂಬಿಕೊಡಬೇಕಂತೆ. ಕೇಳಿರುವ ಮೊತ್ತದಲ್ಲಿ ಈ ಜಿಲ್ಲೆಯ ಆಸ್ಪತ್ರೆಗಳನ್ನು ನನ್ನ ಮೊಮ್ಮಕ್ಕಳ ಕಾಲದವರೆಗೆ ನಡೆಸಬಹುದು. ಕಂಪನಿಯ ಯಜಮಾನರು ಯಾವ ದೇಶದವರೋ, ಆದರೆ ಕಾಗದದಲ್ಲಿ ಅದು ಒಂದು ಸಣ್ಣ ದ್ವೀಪದೇಶದ ಕಂಪನಿ. ಅಲ್ಲಿ ಅದಕ್ಕಿರುವುದು ಒಂದು ಕೋಣೆ, ಬಾಗಿಲ ಮೇಲೆ ಒಂದು ಬೋರ್ಡು. ಆ ದ್ವೀಪಕ್ಕೂ ನಮಗೂ ನಡೆಯುವ ವ್ಯಾಪಾರ ಒಂದು ಕೈಗಾಡಿಯಲ್ಲಿ ಹಿಡಿಸುತ್ತದೆ. ಹಾಗಿದ್ದೂ ಅದೇ ದ್ವೀಪದ ಹೆಸರು ಯಾಕೆ ಬೇಕಾಯಿತು ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಆ ಮಾತಿಗೆ ಬರುತ್ತೇನೆ.

ನನ್ನ ಹತ್ತಿರ ಹಣಕಾಸು ಇಲಾಖೆಯಿಂದ ಒಬ್ಬರು ಬಂದಿದ್ದರು. ಮನಸ್ಸಿನಲ್ಲೇ ಅವರಿಗೆ ಬಡ್ಡಿ ಸಾಹೇಬ ಎಂದು ಹೆಸರಿಟ್ಟೆ. ಕೆಟ್ಟವರಲ್ಲ. ಕಣ್ಣಿನ ಕೆಳಗೆ ಕಪ್ಪು, ಕೈಯಲ್ಲಿ ಹೊಟ್ಟೆಹುಣ್ಣಿನ ಮಾತ್ರೆ. ನಮ್ಮ ಹಳೇ ವಿದೇಶಿ ಸಾಲದ ಬಡ್ಡಿ ಕಟ್ಟಲು ಹೊಸ ಸಾಲ ಬೇಕಂತೆ. ಹೊಸ ಸಾಲದ ಮುಂದಿನ ಕಂತು ಬಿಡುವ ಮುಂಚೆ ಸಾಲ ಕೊಡುವವರು ಕೇಳಿದ್ದಾರಂತೆ, ನಿಮ್ಮಲ್ಲಿ ಹೊರಗಿನವರ ಬಂಡವಾಳಕ್ಕೆ ಭದ್ರತೆ ಇದೆಯೇ, ಈ ಕುಲುಮೆಯ ಜಗಳ ಯಾವಾಗ ಮುಗಿಯುತ್ತದೆ ಎಂದು. ನನ್ನ ಎದುರಿನ ಮುರುಕು ಕುರ್ಚಿಯಲ್ಲಿ ಕೂತು ಅವರು ಹೇಳಿದರು: "ಮೇಡಂ, ಇದು ಆರೋಗ್ಯದ ಪ್ರಶ್ನೆ ಅಲ್ಲ, ನಂಬಿಕೆ ಪ್ರಶ್ನೆ. ಆ ಕಂತು ಬರದಿದ್ರೆ ನಿಮ್ಮ ನರ್ಸ್‌ಗಳ ಸಂಬಳಾನೇ ನಿಲ್ಲತ್ತೆ. ಅವರಿಗೆ ಏನಂತ ಹೇಳ್ತೀರಿ?"

ಯಾರ ನಂಬಿಕೆ ಎಂದು ಕೇಳಿದೆ. ನನ್ನ ಆದೇಶವನ್ನು ನಮ್ಮ ಸಂಸತ್ತು ಮಾಡಿದ ಕಾನೂನಿನ ಕೆಳಗೆ ಕೊಟ್ಟೆ. ಅದನ್ನು ತಪ್ಪು ಎನ್ನಬೇಕಾದರೆ ನಮ್ಮ ನ್ಯಾಯಾಲಯ ಇದೆ, ನಮ್ಮ ಮಂತ್ರಿ ಇದ್ದಾರೆ, ಓಟು ಹಾಕುವ ಜನ ಇದ್ದಾರೆ. ಇವರು ಯಾರೂ ತಪ್ಪು ಎಂದಿಲ್ಲ. ಆದರೂ ಎಲ್ಲರೂ ಸೇರಿ ನನ್ನ ಕೈಯಿಂದಲೇ ಅದನ್ನು ಅಳಿಸಬೇಕು, ಅಳಿಸಿದ್ದು ನಾನೇ ಮನಸಾರೆ ಎಂದು ಕಾಣಬೇಕು. ಸಿಟ್ಟಿಗೆ ಮೈ ಉರಿಯಿತು. ಬಡ್ಡಿ ಸಾಹೇಬರ ಮೇಲೆ ಅಲ್ಲ, ಪಾಪ. ಸಾಲಗಾರನ ಮನೆಯಲ್ಲಿ ಊಟಕ್ಕೆ ಏನು ಮಾಡಬೇಕು ಎನ್ನುವುದನ್ನೂ ಪಕ್ಕದ ಬೀದಿಯವರು ಹೇಳುವ ಹಾಗಾಗಿದೆಯಲ್ಲ, ಅದರ ಮೇಲೆ. ಸೋಮವಾರ ವರದಿಯನ್ನು ನನ್ನ ಮುಂದಿಟ್ಟರು. ನಾನು ಸಹಿ ಹಾಕಲಿಲ್ಲ.

ಈಗ ನಿಮ್ಮ ವಿಷಯ. ಇಷ್ಟು ಹೊತ್ತು ಸುತ್ತಿ ಬಳಸಿ ಬಂದದ್ದು ಇದಕ್ಕೇ.

ವಾಣಿಜ್ಯ ಇಲಾಖೆಯ ಒಪ್ಪಂದ ವಿಭಾಗದಲ್ಲಿ ನಿಮ್ಮನ್ನು ಪೆನ್ನಿನ ಸಾಹೇಬ ಎನ್ನುತ್ತಿದ್ದರು. ಸಹಿ ಸಮಾರಂಭಕ್ಕೆಂದು ಒಂದೇ ಥರದ ಎರಡು ಪೆನ್ನುಗಳು ಸದಾ ನಿಮ್ಮ ಒಳಜೇಬಿನಲ್ಲಿರುತ್ತಿದ್ದವು. ಹೊರದೇಶದ ದೊಡ್ಡವರು ಯಾರಾದರೂ ಬರುತ್ತಾರೆ ಎಂದರೆ ಮಂತ್ರಿಗಳ ಕಚೇರಿಯಿಂದ ಫೋನು ಬರುತ್ತಿತ್ತು, "ಸಹಿ ಹಾಕ್ಸೋಕೆ ಏನಾದ್ರೂ ಇದೆಯೇನ್ರೀ?" ಎಂದು. ಬಂದ ಅತಿಥಿಯನ್ನು ಬರಿಗೈಯಲ್ಲಿ ಕಳಿಸಬಾರದು, ಪತ್ರಿಕೆಗೆ ಒಂದು ಫೋಟೋ ಬೇಕು. ಅದಕ್ಕಾಗಿ ನೀವು ಒಂದು ಬಂಡವಾಳ ರಕ್ಷಣೆಯ ಒಪ್ಪಂದವನ್ನು ಸಿದ್ಧ ಮಾಡಿ ಇಟ್ಟಿದ್ದಿರಿ. ಅದಕ್ಕೆ ಸಹಿ ಹಾಕಿದ ದೇಶದ ಕಂಪನಿಗೆ ಇಲ್ಲಿ ನಷ್ಟವಾದರೆ ಅದು ನಮ್ಮ ಸರ್ಕಾರದ ಮೇಲೆ ಹೊರಗೆ ದಾವೆ ಹೂಡಬಹುದು. ದೇಶದ ಹೆಸರಿನ ಜಾಗವೊಂದು ಖಾಲಿ. ಅದನ್ನು ತುಂಬಿದರೆ ಸಹಿಗೆ ತಯಾರು. ತಮಾಷೆಗೆ ನಾನು ಅದನ್ನು 'ಮನೆಯಲ್ಲಿರುವ ಉಡುಗೊರೆ' ಎನ್ನುತ್ತಿದ್ದೆ. ನಿಮಗೂ ನಗು ಬರುತ್ತಿತ್ತು. ಅದರಿಂದ ಏನಾದರೂ ಆದೀತು ಎಂದು ನಿಮಗಾಗಲಿ ನನಗಾಗಲಿ ಮಂತ್ರಿಗಾಗಲಿ ಅನ್ನಿಸಿರಲಿಲ್ಲ.

ದ್ವೀಪದ ಅಧ್ಯಕ್ಷರು ಬಂದ ದಿನ ನಿಮಗೆ ನೆನಪಿದೆ. ಆ ವಾರವೇ ಸಮಾರಂಭದ ಹೊಸ ಕಾಗದ ಬಂದಿತ್ತು, ದಪ್ಪನೆಯದು, ಅಂಚಿಗೆ ಲಾಂಛನ ಒತ್ತಿದ್ದು. ಆದರೆ ಚರ್ಮದ ಫೋಲ್ಡರುಗಳು ಹಳೆಯವು, ತೆಳ್ಳನೆಯ ಕಾಗದಕ್ಕೆ ಹೊಲಿದವು. ಒಪ್ಪಂದವನ್ನು ಒಳಗಿಟ್ಟರೆ ಫೋಲ್ಡರು ಮುಚ್ಚಲೊಲ್ಲದು. ಮೇಜಿನ ಮೇಲೆ ಇಟ್ಟರೆ ಬಾಯಿ ತೆರೆದುಕೊಂಡು ಕೂರುತ್ತದೆ, ಫೋಟೋದಲ್ಲಿ ಚೆನ್ನಾಗಿ ಕಾಣುವುದಿಲ್ಲ ಎಂದು ಫೋಟೋದವನು ಗೊಣಗಿದ. ಅಧ್ಯಕ್ಷರಿಗೆ ವಿಮಾನದ ಹೊತ್ತಾಗಿತ್ತು. ಆಗ ನೀವು ಕೊನೆಯ ಹಾಳೆಗಳನ್ನು ತಿರುವಿ, ಸಹಿಯ ಪುಟಕ್ಕೆ ಮುಂಚಿನ ಒಂದು ಹಾಳೆಯನ್ನು ಎರಡೂ ಪ್ರತಿಯಿಂದ ತೆಗೆದಿರಿ. ಅದೊಂದೇ ವಿಧಿ ಆ ಹಾಳೆಯಲ್ಲಿ ಶುರುವಾಗಿ ಅದೇ ಹಾಳೆಯಲ್ಲಿ ಮುಗಿಯುತ್ತಿತ್ತು. ತೆಗೆದರೆ ಹಿಂದೆ ಮುಂದೆ ಏನೂ ಕೆಡುತ್ತಿರಲಿಲ್ಲ. ದ್ವೀಪದ ಕಡೆಯ ಅಧಿಕಾರಿಯೂ ಪಕ್ಕದಲ್ಲೇ ನಿಂತಿದ್ದ. "ತೆಗೀರಿ, ನಮಗೂ ಒಪ್ಪಿಗೆ ಇರೋ ವಿಧಿ ತಾನೆ, ಆಮೇಲೆ ಪತ್ರ ಬರೆದು ಸೇರಿಸ್ಕೊಳ್ಳೋಣ" ಎಂದನಂತೆ. ಫೋಲ್ಡರು ಮುಚ್ಚಿತು. ಫೋಟೋ ಬಂತು. ಸೇರಿಸಿಕೊಳ್ಳುವ ಪತ್ರವನ್ನು ಅವರೂ ಬರೆಯಲಿಲ್ಲ, ನೀವೂ ಬರೆಯಲಿಲ್ಲ.

ಇದನ್ನು ನೀವು ಅಂದು ಸಂಜೆ ಊಟದ ಮೇಜಿನಲ್ಲಿ ಹೇಳಿದಿರಿ. ಮಗಳ ಶಾಲೆಯ ಚೀಲಕ್ಕೆ ಪುಸ್ತಕ ತುರುಕಿ, ಅದು ಮುಚ್ಚದಿರುವುದನ್ನು ತೋರಿಸಿ, ಅಧ್ಯಕ್ಷರ ಮುಖ ಮಾಡಿ ನಗಿಸಿದಿರಿ. ನಾನೂ ನಕ್ಕೆ. ಮಗಳು ಮಾತ್ರ ಕೇಳಿದಳು, "ಅಪ್ಪಾ, ಆ ಹಾಳೇಲಿ ಏನಿತ್ತು?" ಎಂದು. ನೀವು ಹೇಳಿದಿರಿ, "ಯಾರೂ ಓದದ ಒಂದು ವಿಧಿ ಪುಟ್ಟಿ. ಜನರ ಆರೋಗ್ಯ ಕಾಪಾಡೋಕೆ ಸರ್ಕಾರ ಕೈಗೊಂಡ ಕ್ರಮಕ್ಕೆ ಈ ಒಪ್ಪಂದ ಅಡ್ಡಿ ಬರಲ್ಲ ಅಂತ."

ನಮ್ಮ ದೇಶ ಸಹಿ ಹಾಕಿದ ಇಂಥ ಒಪ್ಪಂದಗಳಲ್ಲಿ ಆ ವಿಧಿ ಇಲ್ಲದಿರುವುದು ಇದೊಂದರಲ್ಲೇ. ಕಂಪನಿಯ ವಕೀಲರು ಜಗತ್ತಿನ ಒಪ್ಪಂದಗಳನ್ನೆಲ್ಲ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಓದಿ ಈ ಕಿಂಡಿಯನ್ನು ಹುಡುಕಿದರು. ಅದಕ್ಕೇ ದ್ವೀಪದಲ್ಲಿ ಕೋಣೆ, ಅದಕ್ಕೇ ಬೋರ್ಡು.

ಇಪ್ಪತ್ತಾರನೇ ತಾರೀಖು ಸಂಸತ್ತಿನ ಸಮಿತಿ ಸೇರುತ್ತದೆ. ಕಂಪನಿಯ ಜೊತೆ ರಾಜಿ ಮಾಡಿಕೊಳ್ಳುವುದೋ, ಎದುರು ನಿಂತು ವಾದಿಸುವುದೋ ಎಂದು ಅಲ್ಲಿ ತೀರ್ಮಾನವಾಗಬೇಕು. ಸಮಿತಿ ಒಪ್ಪುವ ತನಕ ಯಾವ ರಾಜಿಯೂ ಗಟ್ಟಿಯಲ್ಲ. ಸರ್ಕಾರದ ಕಡೆಯ ವಕೀಲೆ ನನಗೆ ಫೋನು ಮಾಡಿದ್ದಳು. ಗಟ್ಟಿ ಹುಡುಗಿ, ಮಾತಿನಲ್ಲಿ ಸುತ್ತುಬಳಸಿಲ್ಲ. ಆ ವಿಧಿ ಇರಬೇಕು ಎಂದು ಎರಡೂ ದೇಶ ಒಪ್ಪಿದ್ದವು, ಬಿಟ್ಟುಹೋದದ್ದಕ್ಕೆ ಕಾರಣ ಬೇರೆ ಎಂದು ಹೇಳುವವರು ಒಬ್ಬರು ಸಿಕ್ಕರೂ ವಾದ ಮಾಡಬಹುದು ಎಂದಳು. ಗೆದ್ದೇ ಗೆಲ್ಲುತ್ತೇವೆ ಎಂದು ಹೇಳಲಿಲ್ಲ. ಆದರೆ ಸಮಿತಿಗೆ ರಾಜಿ ಬೇಡ ಎನ್ನುವ ಧೈರ್ಯ ಬರುತ್ತದೆ ಎಂದಳು. ವಿಧಿ ಯಾಕೆ ಇಲ್ಲ ಎಂದು ಸಮಿತಿ ನಿಮ್ಮ ಇಲಾಖೆಯನ್ನು ಕೇಳಿತ್ತಂತೆ. ಬಂದ ಉತ್ತರವನ್ನು ಅವಳು ಫೋನಿನಲ್ಲೇ ಓದಿದಳು: 'ದಾಖಲೆ ಲಭ್ಯವಿಲ್ಲ, ಕಾರಣ ತಿಳಿದಿಲ್ಲ.' ಸಹಿ ಯಾರದು ಎಂದು ಕೇಳಿದೆ. ಇಲಾಖೆಯ ಸಲಹೆಗಾರರದು ಎಂದಳು. ನಿವೃತ್ತಿಯ ಮೇಲೆ ಆ ಕುರ್ಚಿಯಲ್ಲಿ ನಿಮ್ಮನ್ನೇ ಕೂರಿಸಿದ್ದಾರೆಂದು ಮಗಳು ಹೇಳಿದ್ದಳು.

ದಾಖಲೆ ಇಲ್ಲ ಎನ್ನುವುದು ನಿಜವಿರಬಹುದು. ಕಾರಣ ತಿಳಿದಿಲ್ಲ ಎನ್ನುವುದು ಸುಳ್ಳು. ನಿಮ್ಮ ಕೈಯಿಂದ ಅಂಥ ಮಾತು ಬಂದದ್ದು ಕೇಳಿ ನನಗೆ ನಾಚಿಕೆಯಾಯಿತು, ಸಂಕಟವೂ ಆಯಿತು. ಆಗ ನಿಮ್ಮ ಕಾಗದದ ಅರ್ಥ ತಿಳಿಯಿತು. ನಾನು ವರದಿಗೆ ಸಹಿ ಹಾಕಿಬಿಟ್ಟರೆ ದಾವೆ ಹೋಗುತ್ತದೆ, ದಾವೆ ಹೋದರೆ ಆ ಹಾಳೆಯ ಸುದ್ದಿಯನ್ನು ಯಾರೂ ಕೆದಕುವುದಿಲ್ಲ. ಇಷ್ಟಕ್ಕೆ 'ದೇಶ' ಎಂದು ಅಷ್ಟು ಸಲ ಬರೆಯಬೇಕಿತ್ತೇ? 'ನನಗೆ ಹೆದರಿಕೆಯಾಗಿದೆ' ಎಂದು ಒಂದು ಸಾಲು ಬರೆದಿದ್ದರೆ ನಾನು ಅಂದೇ ಬಸ್ಸು ಹತ್ತಿ ಬರುತ್ತಿದ್ದೆ.

ನನಗೆ ಗೊತ್ತಿರುವುದನ್ನು ವಕೀಲೆಗೆ ಹೇಳಿಲ್ಲ. ನಾನು ಹೇಳಿದರೆ ಅದು ಗಂಡ ಊಟಕ್ಕೆ ಕೂತು ಹೇಳಿದ ಕಥೆ. ನೀವು ಹೇಳಿದರೆ ಸಾಕ್ಷಿ. ಅದೂ ಅಲ್ಲದೆ, ನಿಮ್ಮ ಬಾಯಿಂದ ಬರಬೇಕಾದ ಮಾತನ್ನು ನಾನು ಕಿತ್ತುಕೊಳ್ಳಲಾರೆ. ಇಪ್ಪತ್ತಾರಕ್ಕೆ ಹೋಗಿ ಹೇಳಿ. ಹಾಳೆ ಯಾಕೆ ಹೋಯಿತು, ಪಕ್ಕದಲ್ಲಿ ಯಾರು ನಿಂತಿದ್ದರು, ಅವನು ಏನೆಂದ, ಇಷ್ಟೇ. ನನ್ನ ಕೋರಿಕೆ ಇದೊಂದೇ.

ಅದಕ್ಕೆ ತೆರಬೇಕಾದ ಬೆಲೆ ನನಗೆ ಗೊತ್ತಿಲ್ಲ ಎಂದುಕೊಳ್ಳಬೇಡಿ. ಕುರ್ಚಿ ಹೋಗುತ್ತದೆ. ವಿಚಾರಣೆ ಎನ್ನುತ್ತಾರೆ, ಪಿಂಚಣಿಗೆ ಕೈ ಹಾಕಿದರೂ ಹಾಕಿಯಾರು. ದೇಶವನ್ನೇ ಮುಳುಗಿಸಿದ ಗುಮಾಸ್ತ ಎಂದು ಪತ್ರಿಕೆಯವರು ಉಪ್ಪು ಖಾರ ಹಚ್ಚಿ ಬರೆಯುತ್ತಾರೆ. ಅತಿಥಿ ಬಂದಾಗಲೆಲ್ಲ ಸಹಿಗೆ ಏನಾದರೂ ಇದೆಯೇ ಎಂದು ಫೋನು ಮಾಡುತ್ತಿದ್ದವರು ತುಟಿ ಪಿಟಕ್ಕೆನ್ನುವುದಿಲ್ಲ. ಓದದೆ ಸಹಿ ಹಾಕಿದ ಮಂತ್ರಿ ಈಗ ಎಲ್ಲಿದ್ದಾರೋ. ಇದು ಅನ್ಯಾಯವೇ. ಹಾಳೆ ತೆಗೆದದ್ದು ನಿಮ್ಮ ಬೆರಳಾದರೂ, ಓದದೆ ಸಹಿ ಹಾಕುವ ಪದ್ಧತಿ ನೀವು ಹುಟ್ಟಿಸಿದ್ದಲ್ಲ. ಅದನ್ನೂ ಅಲ್ಲಿ ಹೇಳಿ.

ನಮ್ಮ ಸಂಸಾರದ ಮಾತನ್ನು ಇದಕ್ಕೆ ಬೆರೆಸಬಾರದು ಎಂದು ಶುರುವಿನಲ್ಲೇ ಅಂದುಕೊಂಡಿದ್ದೆ. ಆಗುತ್ತಿಲ್ಲ. ನಾನು ನಿಮ್ಮನ್ನು ಬಿಟ್ಟು ಈ ಊರಿಗೆ ಬಂದದ್ದು ಕೆಲಸಕ್ಕಾಗಿ ಎಂದು ನೆಂಟರಿಗೆಲ್ಲ ಹೇಳಿದ್ದೇವೆ. ಜಗಳವಾಡಿದ್ದರೆ ನಾನು ಬಿಟ್ಟು ಬರುತ್ತಿರಲಿಲ್ಲ. ನಿಮ್ಮ ಜೊತೆ ಜಗಳವಾಡಲು ಸಾಧ್ಯವೇ ಇರಲಿಲ್ಲ. ನಾನು ಕಾಲು ಕೆರೆದುಕೊಂಡು ನಿಂತರೂ "ಇರಲಿ ಬಿಡು, ಹೊಂದಿಸ್ಕೊಳ್ಳೋಣ" ಎನ್ನುತ್ತಿದ್ದಿರಿ. ನನ್ನ ತಾಯಿ ತೀರಿಕೊಂಡಾಗಲೂ, ಮಗಳು ಓದು ಬಿಡುತ್ತೇನೆ ಎಂದಾಗಲೂ ಅದೇ ಮಾತು. ಮೇಲಿಂದ ನೋಡಿದವರಿಗೆ ನಮ್ಮದು ಒಳ್ಳೆಯ ಸಂಸಾರ. ಒಳಗೆ ನನಗೆ ಉಸಿರು ಕಟ್ಟುತ್ತಿತ್ತು. ನೀವು ಕೆಟ್ಟ ಗಂಡ ಎಂದು ನಾನು ಯಾವತ್ತೂ ಅಂದುಕೊಂಡಿಲ್ಲ. ನನ್ನ ಪಕ್ಕ ಒಮ್ಮೆಯಾದರೂ ಗಟ್ಟಿಯಾಗಿ ಮಾತನಾಡುವ ಮನುಷ್ಯ ಬೇಕಿತ್ತು, ಅಷ್ಟೇ.

ಪಿಂಚಣಿ ನಿಂತರೆ ಇಲ್ಲಿಗೆ ಬಂದುಬಿಡಿ. ಎರಡೇ ಕೋಣೆಯ ಮನೆ, ನಲ್ಲಿ ಸೋರುತ್ತದೆ, ಮೇಲಿನ ಮನೆಯವರು ಬೆಳಗಾಗೆದ್ದರೆ ಕುರ್ಚಿ ಎಳೆಯುತ್ತಾರೆ. ಮೆಟ್ಟಿಲು ಮಾತ್ರ ಇಲ್ಲ, ನಿಮ್ಮ ಮಂಡಿಗೆ ಅನುಕೂಲ. ನಿಮ್ಮ ಪೆನ್ನುಗಳನ್ನೂ ತನ್ನಿ, ಔಷಧದ ಚೀಟಿ ಬರೆಯಲು ನನ್ನದು ಸರಿಯಾಗಿ ಮೂಡುತ್ತಿಲ್ಲ. ನಾನು ಬೈಯುತ್ತೇನೆ, ಅದನ್ನು ನೀವು ಕೇಳಿಸಿಕೊಳ್ಳಬೇಕಾಗುತ್ತದೆ. ಹೊಂದಿಸಿಕೊಳ್ಳಬೇಡಿ, ತಿರುಗಿ ಬೈಯಿರಿ.

ಉತ್ತರ ಬರೆಯುತ್ತಾ ಕೂರಬೇಡಿ. ನೀವು ಏನು ಮಾಡಿದಿರಿ ಎನ್ನುವುದು ಇಪ್ಪತ್ತಾರಕ್ಕೆ ನನಗೆ ತಿಳಿಯುತ್ತದೆ.

ಕಾಗದದಲ್ಲೂ, ಕಾಗದದಾಚೆಗೂ ಇನ್ನೂ ನಿಮ್ಮ ಹೆಂಡತಿಯೇ ಆಗಿರುವ,
ನೀವಿಟ್ಟ ಹೆಸರಿನ
ಥರ್ಮಾಮೀಟರು

ತಾ. ಕ.: ಒಂದು ವಿಷಯ ಬರೆಯಲು ಮರೆತೆ ಎಂದು ಇಲ್ಲಿ ಬರೆಯುವುದು ವಾಡಿಕೆ. ನಾನು ಮರೆತಿರಲಿಲ್ಲ, ಬೇಕೆಂದೇ ತಡೆದಿಟ್ಟಿದ್ದೆ. ಮೊದಲೇ ಹೇಳಿದ್ದರೆ "ಮುಗಿದುಹೋಯಿತಲ್ಲ, ಇನ್ನೇನು" ಎಂದು ನೀವು ಕಾಗದ ಮಡಿಸಿಡುತ್ತಿದ್ದಿರಿ.

ಸೋಮವಾರ ನಾನು ಸಹಿ ಹಾಕಲಿಲ್ಲ ಎಂದೆ. ಮಂಗಳವಾರ ಬೆಳಿಗ್ಗೆ ನನ್ನನ್ನು ವರ್ಗ ಮಾಡಿದರು, ನಿಮ್ಮ ಊರಿಗೇ, ಯಾವುದೋ ಅಂಕಿಅಂಶದ ವಿಭಾಗಕ್ಕೆ. ನಾನು ರಜೆ ಹಾಕಿ ಇಲ್ಲೇ ಉಳಿದಿದ್ದೇನೆ. ನನ್ನ ಕುರ್ಚಿಗೆ ಬಂದವರು ಮಧ್ಯಾಹ್ನದ ಊಟಕ್ಕೆ ಏಳುವ ಮುಂಚೆಯೇ ವರದಿಗೆ ಸಹಿ ಹಾಕಿದರು. ಸಮಿತಿ ತೀರ್ಮಾನಿಸುವವರೆಗೆ ನಡೆಸಿಕೊಳ್ಳಿ ಎಂದು ಕಂಪನಿಗೆ ತಾತ್ಕಾಲಿಕ ಅನುಮತಿ ಸಿಕ್ಕಿತು. ನಿನ್ನೆಯಿಂದ ಕುಲುಮೆ ಉರಿಯುತ್ತಿದೆ. ಈ ಸೆಕೆಯಲ್ಲಿ ಕಿಟಕಿ ಮುಚ್ಚಿ ಕೂತಿರುವುದು ಅದಕ್ಕೇ.

ಕುಲುಮೆ ಹಚ್ಚಿದವನು ಮೇಸ್ತ್ರಿಯೇ. ಅವನಲ್ಲದೆ ಬೇರೆ ಯಾರಿಗೂ ಅದು ಬರುವುದಿಲ್ಲ. ಅವನನ್ನು ನಾನು ದೂರುವುದಿಲ್ಲ. ನಿನ್ನೆ ಕೆಲಸಕ್ಕೆ ಹೋಗುವ ಮುಂಚೆ ಬಟ್ಟೆಯ ಗಂಟಿನ ಜೊತೆ ಗುಬ್ಬಿಯನ್ನು ತಂದು ನನ್ನ ಬಾಗಿಲಲ್ಲಿ ನಿಲ್ಲಿಸಿದ. ಕೆಲಸ ಬಿಟ್ಟ ಮೇಲೆ ಅವಳನ್ನು ನೋಡಲು ಮತ್ತೆ ಬಂದ. ಒಳಗೆ ಬಾ ಎಂದೆ. ಗುಬ್ಬಿ ಅವನ ಕಡೆಗೆ ಓಡಿದಳು. ಅವನು ಎರಡು ಹೆಜ್ಜೆ ಹಿಂದೆ ಸರಿದು, ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡು ಹೇಳಿದ: "ಬೇಡ ಡಾಕ್ಟರಮ್ಮ. ಬಟ್ಟೆ ತುಂಬಾ ಧೂಳಿದೆ."

ಒಳಕೋಣೆಯಲ್ಲಿ ಮಲಗಿದ್ದವಳು ಅವಳೇ. ಕಾಲೊನಿಯಲ್ಲಿ ಇನ್ನೂ ಎಷ್ಟೋ ಮಕ್ಕಳಿದ್ದಾರೆ, ನನ್ನ ಹತ್ತಿರ ಇರುವುದು ಒಂದೇ ಒಳಕೋಣೆ.

ಈಗ ಎದ್ದು ಬಂದು ನನ್ನ ಪಕ್ಕ ನಿಂತಿದ್ದಾಳೆ. ಕಿಟಕಿ ಯಾವಾಗ ತೆಗೆಯುತ್ತೀರಿ ಎಂದು ಕೇಳುತ್ತಿದ್ದಾಳೆ. ಇಪ್ಪತ್ತಾರನೇ ತಾರೀಖು ಹೇಳುತ್ತೇನೆ ಎಂದಿದ್ದೇನೆ.